498 ಮತ್ತು 521: ಒಂದೇ ಕಣ್ಣು, ಎರಡು ಯಂತ್ರ

ಪ್ರಶ್ನೆ: ನಾವು ಡೊಂಬಿವಲಿಯಲ್ಲಿದ್ದೇವೆ. 23 ವರ್ಷದ ಮಗಳು ಪುಣೆಯ ಹಿಂಜವಡಿಯಲ್ಲಿ ಕೆಲಸ ಮಾಡುತ್ತಾಳೆ. ಎರಡೂ ಕಣ್ಣಿಗೆ ಮೈನಸ್ 6.5 ನಂಬರ್, ದಿನಾ ಸಾಫ್ಟ್ ಲೆನ್ಸ್ ಹಾಕುತ್ತಾಳೆ. ಲ್ಯಾಸಿಕ್ ಮಾಡಿಸಿಕೊಂಡು ಚಶ್ಮಾ ಬಿಡಬೇಕೆಂಬ ಆಸೆ. ಠಾಣೆಯಲ್ಲಿ ಒಂದು ಸಂಜೆ ಪೆಂಟಾಕ್ಯಾಮ್ ಎಂಬ ಸ್ಕ್ಯಾನ್ ಮಾಡಿಸಿದಾಗ ಬಲಗಣ್ಣಿನ ಕಾರ್ನಿಯಾ, ಅಂದರೆ ಕಣ್ಣಿನ ಮುಂದಿನ ಪಾರದರ್ಶಕ ಪದರ, 498 ಮೈಕ್ರಾನ್ ದಪ್ಪ ಎಂದು ಬಂತು, ‘ಲ್ಯಾಸಿಕ್ ಬೇಡ’ ಎಂದರು. ಎರಡು ವಾರ ಬಿಟ್ಟು ಪುಣೆಯಲ್ಲಿ ಶನಿವಾರ ಬೆಳಿಗ್ಗೆ ಎಂಟೂವರೆಗೆ ಕಣ್ಣಿಗೆ ಹನಿ ಹಾಕಿ, ಪೆನ್ನಿನಂಥದ್ದನ್ನು ಮುಟ್ಟಿಸಿ ಅಳೆದರು. ಅಲ್ಲಿ 521 ಬಂತು, ‘ಆರಾಮಾಗಿ ಮಾಡಬಹುದು’ ಎಂದರು. ಪುಣೆಯ ಚೀಟಿಯಲ್ಲಿ ಕಾರ್ನಿಯಾದ ಬಾಗು ಹೇಳುವ ಕೆ ಅಂಕಿ 45.25 ಇದೆ, ಠಾಣೆಯ ವರದಿಯಲ್ಲಿ ಕೆ-ಮ್ಯಾಕ್ಸ್ 46.1. ಯಾವ ಯಂತ್ರವನ್ನು ನಂಬಬೇಕು?

ಉತ್ತರ: ಎರಡೂ ಯಂತ್ರಗಳು ಸುಳ್ಳು ಹೇಳಿಲ್ಲ. ಬೇರೆ ಬೇರೆ ಹೊತ್ತಿನಲ್ಲಿ, ಬೇರೆ ಬೇರೆ ಜಾಗವನ್ನು, ಬೇರೆ ಬೇರೆ ರೀತಿಯಲ್ಲಿ ಅಳೆದು, ಎರಡಕ್ಕೂ ‘ಕಾರ್ನಿಯಾದ ದಪ್ಪ’ ಎಂಬ ಒಂದೇ ಹೆಸರಿಟ್ಟಿದ್ದಾರೆ. ನಿಮ್ಮ ಮಗಳ ವಿಷಯದಲ್ಲಿ ಈ 23 ಮೈಕ್ರಾನ್ ಅಂತರ ಸಣ್ಣದಲ್ಲ. ಮಾಡಬಹುದು, ಮಾಡಬಾರದು ಎಂಬ ಗೆರೆ ಸರಿಯಾಗಿ ಅದರ ನಡುವೆಯೇ ಹಾದುಹೋಗುತ್ತದೆ. ಮೊದಲು ಆ ಲೆಕ್ಕ ನೋಡೋಣ.

ಲೇಸರ್ ಎಷ್ಟು ಕೊರೆಯುತ್ತದೆ ಎಂಬುದನ್ನು ಮನ್ನರ್ಲಿನ್ ಸೂತ್ರದಿಂದ ಅಂದಾಜು ಮಾಡುತ್ತಾರೆ. ತಿದ್ದಬೇಕಾದ ಡಯಾಪ್ಟರನ್ನು, ಅಂದರೆ ಚಶ್ಮಾದ ನಂಬರನ್ನು, ತಿದ್ದುವ ವೃತ್ತದ ವ್ಯಾಸದ ವರ್ಗದಿಂದ ಗುಣಿಸಿ ಮೂರರಿಂದ ಭಾಗಿಸಬೇಕು. 6.5 ಡಯಾಪ್ಟರ್, 6.5 ಮಿಲಿಮೀಟರ್ ವೃತ್ತ ಎಂದಾದರೆ 6.5 × 42.25 ÷ 3, ಅಂದರೆ ಸುಮಾರು 92 ಮೈಕ್ರಾನ್. ಲ್ಯಾಸಿಕ್‌ನಲ್ಲಿ ಇದಕ್ಕೂ ಮೊದಲು ಮೇಲಿನ ಒಂದು ಪದರವನ್ನು ಮುಚ್ಚಳದ ಹಾಗೆ ಎತ್ತುತ್ತಾರೆ. ಅದೇ ಫ್ಲಾಪ್, ಸುಮಾರು 110 ಮೈಕ್ರಾನ್ ಎಂದಿಟ್ಟುಕೊಳ್ಳಿ. ಎರಡೂ ಸೇರಿ 202. ಕಾರ್ನಿಯಾ 498 ಇದ್ದರೆ ಅಡಿಯಲ್ಲಿ ಉಳಿಯುವುದು 296, 521 ಇದ್ದರೆ 319. ಅಡಿಯಲ್ಲಿ 250ಕ್ಕಿಂತ ಕಡಿಮೆ ಉಳಿಸಬಾರದು ಎಂಬುದು ಹಳೆಯ ನಿಯಮ. ಈಗ ಹೆಚ್ಚಿನವರು 280ರಿಂದ 300 ಉಳಿಯಲಿ ಎನ್ನುತ್ತಾರೆ. ಇನ್ನೊಂದು ಲೆಕ್ಕವೂ ಇದೆ. ಫ್ಲಾಪ್ ಮತ್ತು ಕೊರೆತ ಸೇರಿ ಒಟ್ಟು ದಪ್ಪದ ಶೇಕಡಾ 40ನ್ನು ಮುಟ್ಟಿದರೆ, ಮುಂದೆ ಕಾರ್ನಿಯಾ ಸಡಿಲಗೊಂಡು ಉಬ್ಬುವ ಅಪಾಯ ಏರುತ್ತದೆ. 202ನ್ನು 498ರಿಂದ ಭಾಗಿಸಿದರೆ ಶೇಕಡಾ 40.6, 521ರಿಂದ ಭಾಗಿಸಿದರೆ 38.8. ಠಾಣೆಯವರು ಹಿಂಜರಿದದ್ದು, ಪುಣೆಯವರು ಧೈರ್ಯ ತೋರಿದ್ದು, ಎರಡಕ್ಕೂ ಈ ಲೆಕ್ಕವೇ ಕಾರಣವಿರಬಹುದು.

ಈ ಲೆಕ್ಕವೂ ಕಲ್ಲಿನ ಮೇಲೆ ಕೆತ್ತಿದ್ದಲ್ಲ. ಫ್ಲಾಪ್ 100 ಆದರೆ 498ರಲ್ಲೇ ಶೇಕಡಾ 38.6ಕ್ಕೆ ಇಳಿಯುತ್ತದೆ. ಚಶ್ಮಾ ಕಣ್ಣಿನಿಂದ 12 ಮಿಲಿಮೀಟರ್ ಮುಂದಿರುವುದರಿಂದ, ಚಶ್ಮಾದ 6.5 ಕಾರ್ನಿಯಾದ ಮೇಲೆ ಸುಮಾರು 6.0 ಆಗುತ್ತದೆ. ಅದನ್ನು ಹಿಡಿದರೆ ಕೊರೆತ 85ಕ್ಕೆ ಇಳಿಯುತ್ತದೆ. ಇತ್ತ ಇಂದಿನ ಲೇಸರ್‌ಗಳು ಅಂಚನ್ನು ನಯಗೊಳಿಸಲು ಸೂತ್ರಕ್ಕಿಂತ ತುಸು ಹೆಚ್ಚೇ ತೆಗೆಯುತ್ತವೆ. ಆದ್ದರಿಂದ ‘ನಿಮ್ಮ ಲೇಸರ್ ಇವಳ ನಂಬರಿಗೆ ಎಷ್ಟು ಮೈಕ್ರಾನ್ ತೆಗೆಯುತ್ತದೆ’ ಎಂದು ನೇರವಾಗಿ ಕೇಳಿ. ಆ ಯಂತ್ರದ ಪರದೆಯಲ್ಲೇ ಅಂಕಿ ಬರುತ್ತದೆ. ಗೆರೆಯ ಇಷ್ಟು ಹತ್ತಿರ ನಿಂತಿರುವ ಕಣ್ಣಿಗೆ ಒಂದು ಸಲದ ಅಳತೆ ಸಾಲದು, ಅದು ಯಾವ ಯಂತ್ರದ್ದಾದರೂ.

ಈಗ 521ಕ್ಕೆ ಬರೋಣ. ಪೆನ್ನಿನಂಥ ಸಾಧನ ಎಂದಿರಲ್ಲ, ಅದು ಅಲ್ಟ್ರಾಸೌಂಡ್ ಪ್ಯಾಕಿಮೀಟರ್. ಮರಗಟ್ಟಿಸುವ ಹನಿ ಹಾಕಿ, ತುದಿಯನ್ನು ಕಾರ್ನಿಯಾಕ್ಕೆ ತಾಗಿಸುತ್ತಾರೆ. ಶಬ್ದದ ಅಲೆ ಒಳಗೆ ಹೋಗಿ ಹಿಂಬದಿಗೆ ಬಡಿದು ಮರಳುವ ಹೊತ್ತನ್ನು ಎಣಿಸಿ ದಪ್ಪ ಲೆಕ್ಕ ಹಾಕುತ್ತದೆ. ಕಾರ್ನಿಯಾದಲ್ಲಿ ಶಬ್ದದ ವೇಗ ಸೆಕೆಂಡಿಗೆ 1640 ಮೀಟರ್ ಎಂದು ಯಂತ್ರ ನಂಬಿರುತ್ತದೆ. ಅದನ್ನು 1620 ಎಂದು ಬದಲಿಸಿದರೆ ಸಾಕು, 521 ಇದ್ದದ್ದು 515 ಆಗುತ್ತದೆ. ಆದರೆ ದೊಡ್ಡ ತಪ್ಪು ಬರುವುದು ವೇಗದಿಂದಲ್ಲ, ಕೈಯಿಂದ. ತುದಿ ಕಾರ್ನಿಯಾಕ್ಕೆ ನೆಟ್ಟಗೆ ನಿಲ್ಲಬೇಕು. ಓರೆಯಾದರೆ ಅಲೆ ಸಾಗುವ ದಾರಿ ಉದ್ದವಾಗಿ ದಪ್ಪ ಹೆಚ್ಚು ತೋರುತ್ತದೆ. ನಡುಭಾಗ ತಪ್ಪಿ ಅಂಚಿನತ್ತ ಸರಿದರೂ ಹೆಚ್ಚೇ, ಏಕೆಂದರೆ ಕಾರ್ನಿಯಾ ನಡುವಿನಿಂದ ಅಂಚಿಗೆ ಹೋದಂತೆ ದಪ್ಪವಾಗುತ್ತದೆ. ಹೀಗೆ ಈ ಸಾಧನದ ಹೆಚ್ಚಿನ ತಪ್ಪುಗಳು ಒಂದೇ ದಿಕ್ಕಿಗೆ, ಹೆಚ್ಚಿನ ಅಂಕಿಯ ಕಡೆಗೇ ವಾಲುತ್ತವೆ. ಅದಕ್ಕೇ ಹಲವು ಸಲ ತಾಗಿಸಿ, ಕಡಿಮೆ ಬಂದ ಅಳತೆಗಳಿಗೆ ಹೆಚ್ಚು ಬೆಲೆ ಕೊಡುವುದು ರೂಢಿ. ಪುಣೆಯ ಚೀಟಿಯಲ್ಲಿ ಎಷ್ಟು ಸಲ ಅಳೆದಿದ್ದಾರೆ, ಅವುಗಳ ನಡುವೆ ಎಷ್ಟು ಹರಡಿದೆ ಎಂದು ನೋಡಿ. ಒಂದೇ ಅಂಕಿ ಇದ್ದರೆ ಅದನ್ನು ಅರ್ಧ ಮಾತ್ರ ನಂಬಿ.

ಇದಕ್ಕಿಂತ ಹೆಚ್ಚಾಗಿ ನನ್ನ ಅನುಮಾನ ಗಡಿಯಾರದ ಮೇಲೆ. ನಿದ್ದೆಯಲ್ಲಿ ರೆಪ್ಪೆ ಮುಚ್ಚಿರುವುದರಿಂದ ಕಾರ್ನಿಯಾಕ್ಕೆ ಆಮ್ಲಜನಕ ಕಡಿಮೆಯಾಗಿ, ಅದು ಶೇಕಡಾ 3ರಿಂದ 4ರಷ್ಟು ನೀರು ಹೀರಿ ಊದಿಕೊಳ್ಳುತ್ತದೆ. ಎದ್ದ ಮೇಲೆ ಒಂದೆರಡು ಗಂಟೆಯಲ್ಲಿ ಇಳಿಯುತ್ತದೆ. 498ಕ್ಕೆ ಶೇಕಡಾ 3.5 ಸೇರಿಸಿ ನೋಡಿ, 515 ಆಯಿತು. ಶನಿವಾರ ರಜೆ, ಎಂಟೂವರೆಗೆ ಅಪಾಯಿಂಟ್‌ಮೆಂಟ್ ಎಂದರೆ ಎಂಟಕ್ಕೆ ಎದ್ದು ಮುಖ ತೊಳೆದು ಓಡಿಹೋಗಿರುವ ಸಾಧ್ಯತೆಯೇ ಹೆಚ್ಚು. ಅದರ ಮೇಲೆ ಹಿಂದಿನ ರಾತ್ರಿಯವರೆಗೆ ಲೆನ್ಸ್ ಹಾಕಿದ್ದರೆ, ಅಥವಾ ಲೆನ್ಸ್ ಹಾಕಿಯೇ ಮಲಗಿದ್ದರೆ, ಊತ ಇನ್ನೂ ಹೆಚ್ಚು. ಮರಗಟ್ಟಿಸುವ ಹನಿಯೂ ಅಷ್ಟಿಷ್ಟು ಸೇರಿಸಬಲ್ಲದು. 23 ಮೈಕ್ರಾನ್‌ನ ಬಹುಪಾಲು ಇಲ್ಲೇ ಸಿಕ್ಕಿಬಿಡುತ್ತದೆ.

ಇನ್ನು ಠಾಣೆಯ 498. ಪೆಂಟಾಕ್ಯಾಮ್ ಜರ್ಮನಿಯ ಓಕ್ಯುಲಸ್ ಕಂಪನಿಯದು. ಕಣ್ಣಿಗೆ ತಾಗುವುದಿಲ್ಲ. 475 ನ್ಯಾನೋಮೀಟರಿನ ನೀಲಿ ಬೆಳಕಿನ ಸೀಳನ್ನು ಕಣ್ಣಿನೊಳಗೆ ಹಾಯಿಸಿ, ಕ್ಯಾಮೆರಾ ಸುತ್ತು ಹಾಕುತ್ತಾ ಎರಡು ಸೆಕೆಂಡಿನಲ್ಲಿ 25 (ಕೆಲವು ಕ್ರಮಗಳಲ್ಲಿ 50) ಅಡ್ಡ ಸೀಳಿನ ಚಿತ್ರ ತೆಗೆಯುತ್ತದೆ. ಓರೆಯಾಗಿ ನೋಡಿದರೂ ಇಡೀ ಸೀಳು ಸ್ಫುಟವಾಗಿ ಕಾಣಬೇಕಾದರೆ ಲೆನ್ಸ್ ಮತ್ತು ಫಿಲ್ಮ್ ಒಂದಕ್ಕೊಂದು ಓರೆಯಾಗಿರಬೇಕು. ಈ ನಿಯಮಕ್ಕೆ ಆಸ್ಟ್ರಿಯಾದ ಸೇನಾಧಿಕಾರಿ ಥಿಯೋಡರ್ ಶೈಂಪ್‌ಫ್ಲಗ್ ಹೆಸರಿದೆ. ಆತ ಅದನ್ನು ಬಳಸಿದ್ದು ಕಣ್ಣಿಗಲ್ಲ, ಆಕಾಶದಿಂದ ತೆಗೆದ ನೆಲದ ಚಿತ್ರಗಳನ್ನು ನೇರಗೊಳಿಸಲು. ಎಲ್ಲ ಸೀಳುಗಳೂ ನಡುಬಿಂದುವಿನಲ್ಲೇ ಒಂದನ್ನೊಂದು ದಾಟುವುದರಿಂದ ನಡುಭಾಗದ ಅಳತೆ ಗಟ್ಟಿ, ಮತ್ತೆ ಮತ್ತೆ ಅಳೆದರೂ ಹೆಚ್ಚು ಅಲುಗುವುದಿಲ್ಲ. ಮುಂಬದಿ ಮಾತ್ರವಲ್ಲ, ಕಾರ್ನಿಯಾದ ಹಿಂಬದಿಯನ್ನೂ ನಕ್ಷೆ ಮಾಡಿಕೊಡುತ್ತದೆ. ಲ್ಯಾಸಿಕ್ ಬೇಕೋ ಬೇಡವೋ ಎಂಬ ತೀರ್ಮಾನಕ್ಕೆ ನನಗೆ ಹಿಂಬದಿಯ ನಕ್ಷೆ ದಪ್ಪಕ್ಕಿಂತ ಹೆಚ್ಚು ಮುಖ್ಯ. ಅದನ್ನು ಮುಂದೆ ಹೇಳುತ್ತೇನೆ.

ವರದಿಯಲ್ಲಿ ದಪ್ಪ ಎಂಬ ಅಂಕಿ ಮೂರು ಕಡೆ ಇರುತ್ತದೆ: ಪಾಪೆಯ ನಡುವಿನದು, ಕಾರ್ನಿಯಾದ ನೆತ್ತಿಯದು, ಮತ್ತು ‘ಥಿನ್ನೆಸ್ಟ್’ ಎಂಬ ಅತಿ ತೆಳು ಬಿಂದುವಿನದು. ನಿಮ್ಮ 498 ಯಾವುದು? ಹೆಚ್ಚಿನ ಪಾಲು ಅತಿ ತೆಳು ಬಿಂದು. ಅದು ಸಾಮಾನ್ಯವಾಗಿ ನಡುವಿನಿಂದ ತುಸು ಕೆಳಗೆ, ಕಿವಿಯ ಕಡೆಗೆ ಇರುತ್ತದೆ. ಪೆನ್ನು ಹಿಡಿದವರು ಅಳೆಯುವುದು ಕಣ್ಣಂದಾಜಿನ ನಡುವನ್ನು. ಸಾಮಾನ್ಯ ಕಣ್ಣಿನಲ್ಲಿ ಈ ಎರಡರ ನಡುವೆ ಕೆಲವೇ ಮೈಕ್ರಾನ್ ಅಂತರವಿರುತ್ತದೆ, ಆದರೂ ಅದೂ ಲೆಕ್ಕಕ್ಕೆ ಬಂತು. ಅದರ ಪಕ್ಕದಲ್ಲೇ ಎಕ್ಸ್, ವೈ ಎಂದು ಆ ಬಿಂದುವಿನ ಜಾಗ ಬರೆದಿರುತ್ತದೆ. ಅದು ನಡುವಿನಿಂದ ಒಂದು ಮಿಲಿಮೀಟರಿಗಿಂತ ಹೆಚ್ಚು ಕೆಳಗೆ ಜಾರಿದ್ದರೆ, ದಪ್ಪ 540 ಇದ್ದರೂ ನಾನು ಸುಮ್ಮನೆ ಬಿಡುವುದಿಲ್ಲ.

ಪೆಂಟಾಕ್ಯಾಮ್‌ಗೂ ತನ್ನದೇ ದೌರ್ಬಲ್ಯಗಳಿವೆ. ಎರಡು ಸೆಕೆಂಡು ರೆಪ್ಪೆ ಬಡಿಯದೆ, ಒಂದೇ ಗುರಿ ನೋಡುತ್ತಾ, ಹಣೆ ಗಲ್ಲ ಒತ್ತಿ ಕೂರಬೇಕು. ಕಣ್ಣು ಅಲುಗಿದರೆ, ರೆಪ್ಪೆಗೂದಲು ಅಡ್ಡ ಬಂದರೆ, ಕೋಣೆ ಕತ್ತಲಾಗಿರದಿದ್ದರೆ ಚಿತ್ರ ಕೆಡುತ್ತದೆ. ವರದಿಯ ಮೂಲೆಯಲ್ಲಿ ‘ಕ್ಯೂಎಸ್’ ಎಂಬ ಚೌಕವಿದೆ. ಅದು ‘ಓಕೆ’ ಎನ್ನದೆ ಹಳದಿಯೋ ಕೆಂಪೋ ಆಗಿದ್ದರೆ ಆ ಸ್ಕ್ಯಾನ್ ಮತ್ತೆ ಮಾಡಬೇಕಿತ್ತು. ಸರದಿಯಲ್ಲಿ ಹದಿನೈದು ಜನ ಕೂತಿರುವ ಸಂಜೆ ಅದನ್ನು ಬಿಟ್ಟುಬಿಡುವುದುಂಟು. ಕಾರ್ನಿಯಾದಲ್ಲಿ ಕಲೆಯೋ ಮಸುಕೋ ಇದ್ದರೂ ಬೆಳಕು ಚದುರಿ ಅಂಚು ಗುರುತಿಸುವುದು ತಪ್ಪುತ್ತದೆ. ಆದರೆ ಇವುಗಳಿಂದ ಆಗುವ ತಪ್ಪು ಒಂದೇ ದಿಕ್ಕಿಗಲ್ಲ, ಎರಡೂ ಕಡೆಗೆ ಆಗಬಹುದು.

ಬೇರೆ ಯಂತ್ರಗಳ ಹೆಸರೂ ನಿಮ್ಮ ಕಿವಿಗೆ ಬೀಳುತ್ತವೆ, ಅವನ್ನೂ ನೋಡಿಬಿಡೋಣ. ಎಲ್ಲಕ್ಕೂ ಹಳೆಯದು ಪ್ಲಾಸಿಡೊ ತಟ್ಟೆ, ಕಪ್ಪು ಬಿಳಿ ಉಂಗುರಗಳ ತಟ್ಟೆ. ಕಾರ್ನಿಯಾದ ಮೇಲೆ ಅದರ ಪ್ರತಿಬಿಂಬ ಹೇಗೆ ಬೀಳುತ್ತದೆ ಎಂದು ನೋಡುವುದು ಅದರ ಕೆಲಸ. ಇದನ್ನು ಕೊಟ್ಟ ಆಂಟೋನಿಯೊ ಪ್ಲಾಸಿಡೊ 19ನೇ ಶತಮಾನದ ಪೋರ್ಚುಗೀಸ್ ನೇತ್ರವೈದ್ಯ. ಉಂಗುರಗಳು ಒತ್ತಾದಲ್ಲಿ ಬಾಗು ಕಡಿದು, ದೂರವಾದಲ್ಲಿ ಚಪ್ಪಟೆ. ಅದು ಕನ್ನಡಿ ನೋಡಿದ ಹಾಗೆ, ಮುಂಬದಿ ಮಾತ್ರ ಗೊತ್ತಾಗುತ್ತದೆ. ದಪ್ಪವೂ ಇಲ್ಲ, ಹಿಂಬದಿಯೂ ಇಲ್ಲ. ಪ್ರತಿಬಿಂಬ ಬೀಳುವುದು ಕಣ್ಣೀರಿನ ಪದರದ ಮೇಲೆ, ಹಾಗಾಗಿ ಕಣ್ಣು ಒಣಗಿದ್ದರೆ ಉಂಗುರ ಹರಿದುಹೋಗಿ ಇಲ್ಲದ ವಕ್ರತೆ ಕಾಣಿಸುತ್ತದೆ. ಇಡೀ ದಿನ ಏಸಿಯಲ್ಲಿ ಕಂಪ್ಯೂಟರ್ ನೋಡುವ ಹುಡುಗಿಗೆ ಇದು ದೊಡ್ಡ ಮಾತು. ಆದರೂ ಮುಂಬದಿಯ ಬಾಗಿಗೆ ಈಗಲೂ ಪ್ಲಾಸಿಡೊ ಬಹಳ ಸೂಕ್ಷ್ಮ, ಅದಕ್ಕೇ ಇಟಲಿಯ ಸಿರಿಯಸ್, ಸ್ವಿಟ್ಜರ್ಲೆಂಡಿನ ಗೆಲಿಲೆಯಿ ಯಂತ್ರಗಳು ಪ್ಲಾಸಿಡೊ ಉಂಗುರ ಮತ್ತು ಶೈಂಪ್‌ಫ್ಲಗ್ ಕ್ಯಾಮೆರಾ ಎರಡನ್ನೂ ಒಟ್ಟಿಗೆ ಇಟ್ಟುಕೊಂಡಿವೆ. ಗೆಲಿಲೆಯಿಯಲ್ಲಿ ಎದುರುಬದುರು ಎರಡು ಕ್ಯಾಮೆರಾ, ಕಣ್ಣು ಅಲುಗಿದರೆ ಒಂದರ ತಪ್ಪನ್ನು ಇನ್ನೊಂದು ಸರಿದೂಗಿಸುತ್ತದೆ.

ಆರ್ಬ್‌ಸ್ಕ್ಯಾನ್ ಇವಕ್ಕೆಲ್ಲ ಅಣ್ಣ. ಬಲದಿಂದ 20, ಎಡದಿಂದ 20 ಬೆಳಕಿನ ಸೀಳು ಹಾಯಿಸುತ್ತದೆ. ಅದು ಕೊಡುವ ದಪ್ಪ ಅಲ್ಟ್ರಾಸೌಂಡಿಗಿಂತ ಹೆಚ್ಚು ಬರುತ್ತಿತ್ತು ಎಂದು 0.92ರಿಂದ ಗುಣಿಸುವ ಅಂಶವನ್ನು ಒಳಗೇ ಸೇರಿಸಿದರು. ಅದನ್ನು ಯಾರಾದರೂ ಆಫ್ ಮಾಡಿದ್ದರೆ, 521 ಇರಬೇಕಾದದ್ದು 566 ಎಂದು ಬಂದು ಎಲ್ಲರೂ ಖುಷಿಪಡುತ್ತಾರೆ. ಹಳೆಯ ವರದಿ ಕೈಯಲ್ಲಿದ್ದರೆ ಆ ಅಂಶ ಆನ್ ಇತ್ತೇ ಎಂದು ನೋಡದೆ ಹೋಲಿಸಬೇಡಿ. ಒಮ್ಮೆ ಲ್ಯಾಸಿಕ್ ಆದ ಕಣ್ಣಿನಲ್ಲಿ ಮತ್ತು ಮಸುಕಾದ ಕಾರ್ನಿಯಾದಲ್ಲಿ ಇದು ಇದಕ್ಕೆ ತದ್ವಿರುದ್ಧ, ಇರುವುದಕ್ಕಿಂತ ತೆಳು ತೋರಿಸುತ್ತದೆ.

ನಿಮ್ಮಂಥವರಿಗೆ ನಿಜವಾಗಿ ಉಪಯೋಗಕ್ಕೆ ಬರುವ ಮೂರನೆಯ ಯಂತ್ರ ಮುಂಭಾಗದ ಓಸಿಟಿ. ಬೆಳಕಿನ ಅಲೆಗಳ ಹೆಣೆದಾಟದಿಂದ ಅಳೆಯುತ್ತದೆ. ಕೆಲವು 840 ನ್ಯಾನೋಮೀಟರ್ ಸುತ್ತಮುತ್ತಲಿನ ಬೆಳಕು, ಕೆಲವು 1310ರ ಸುತ್ತಮುತ್ತ. ಸೀಳಿನ ಚಿತ್ರ ಎಷ್ಟು ಸ್ಫುಟವೆಂದರೆ ಕಾರ್ನಿಯಾದ ಮೇಲ್ಚರ್ಮ, ಅಂದರೆ ಎಪಿಥೀಲಿಯಂ, ಬೇರೆಯಾಗಿ ಕಾಣುತ್ತದೆ. ಒಟ್ಟು ದಪ್ಪದಲ್ಲಿ ಅದರ ಪಾಲು ನಡುವಿನಲ್ಲಿ ಸುಮಾರು 53 ಮೈಕ್ರಾನ್. ಓಸಿಟಿಯ ದಪ್ಪ ಸಾಮಾನ್ಯವಾಗಿ ಅಲ್ಟ್ರಾಸೌಂಡಿಗಿಂತ ಕೆಲವು ಮೈಕ್ರಾನ್ ಕಡಿಮೆ ಬರುತ್ತದೆ, ಅದು ಅದರ ಸ್ವಭಾವ, ತಪ್ಪಲ್ಲ. ಆದರೆ ಇದರ ನಿಜವಾದ ಬೆಲೆ ಎಪಿಥೀಲಿಯಂ ನಕ್ಷೆಯಲ್ಲಿದೆ. ಕೆರಟೋಕೋನಸ್ ಎಂದರೆ ಕಾರ್ನಿಯಾ ತೆಳುವಾಗಿ ಶಂಕುವಿನಂತೆ ಉಬ್ಬುವ ರೋಗ. ಅದು ಶುರುವಾಗುತ್ತಿರುವ ಕಣ್ಣಿನಲ್ಲಿ ಒಳಗಿನ ಪದರ ಉಬ್ಬುತ್ತದೆ. ಉಬ್ಬಿನ ನೆತ್ತಿಯ ಮೇಲೆ ಎಪಿಥೀಲಿಯಂ ಸವೆದು ತೆಳುವಾಗಿ, ಸುತ್ತಲೂ ದಪ್ಪಗಾಗಿ, ಉಬ್ಬನ್ನು ಮುಚ್ಚಿಹಾಕುತ್ತದೆ. ಗೋಡೆಯ ಉಬ್ಬುತಗ್ಗನ್ನು ಗಾರೆಯವರು ಗಿಲಾಯಿಯಲ್ಲಿ ಮುಚ್ಚಿದ ಹಾಗೆ. ಆಗ ಮುಂಬದಿಯ ನಕ್ಷೆ ನುಣ್ಣಗೆ ಕಾಣುತ್ತದೆ, ರೋಗ ಅಡಗಿಕೊಳ್ಳುತ್ತದೆ. ಬರೀ ಲೆನ್ಸ್ ಒತ್ತಿ ವಕ್ರವಾದ ಕಣ್ಣಿನಲ್ಲಿ ಇದಕ್ಕೆ ಉಲ್ಟಾ, ಕಡಿದಾಗಿ ಕಾಣುವ ಜಾಗದಲ್ಲೇ ಎಪಿಥೀಲಿಯಂ ದಪ್ಪಗಿರುತ್ತದೆ. ದಿನವೂ ಲೆನ್ಸ್ ಹಾಕುವ ನಿಮ್ಮ ಮಗಳ ನಕ್ಷೆಯಲ್ಲಿ ಏನಾದರೂ ಓರೆಕೋರೆ ಕಂಡರೆ, ಅದು ಲೆನ್ಸಿನದೋ ರೋಗದ್ದೋ ಎಂದು ಬಿಡಿಸಲು ಇದಕ್ಕಿಂತ ಒಳ್ಳೆಯ ದಾರಿಯಿಲ್ಲ.

ಇನ್ನು 45.25 ಮತ್ತು 46.1. ಇವೆರಡನ್ನು ಹೋಲಿಸುವುದೇ ತಪ್ಪು. ಪುಣೆಯ ಚೀಟಿಯ ಅಂಕಿ ಆಟೋ ಕೆರಟೋಮೀಟರಿನದು. ಅದು ನಡುವಿನ ಸುಮಾರು 3 ಮಿಲಿಮೀಟರಿನ ಉಂಗುರದಲ್ಲಿ ಕೆಲವೇ ಬಿಂದು ಅಳೆದು ಸರಾಸರಿ ಬಾಗು ಹೇಳುತ್ತದೆ. ಬಾಗಿನ ತ್ರಿಜ್ಯ ಮಿಲಿಮೀಟರಿನಲ್ಲಿ ಎಷ್ಟೋ ಅದರಿಂದ 337.5ನ್ನು ಭಾಗಿಸಿದರೆ ಡಯಾಪ್ಟರ್ ಬರುತ್ತದೆ. 45.25 ಎಂದರೆ 7.46 ಮಿಲಿಮೀಟರ್. ಕೆ-ಮ್ಯಾಕ್ಸ್ ಎಂದರೆ ಇಡೀ ನಕ್ಷೆಯಲ್ಲಿ ಅತಿ ಕಡಿದಾದ ಒಂದೇ ಒಂದು ಬಿಂದು. ಊರಿನ ಸರಾಸರಿ ಎತ್ತರ ಮತ್ತು ಊರಿನ ಗುಡ್ಡದ ತುದಿ, ಎರಡನ್ನೂ ತಾಳೆ ನೋಡಿ ‘ಏಕೆ ಬೇರೆ’ ಎಂದು ಕೇಳಿದ ಹಾಗಾಯಿತು. 46.1 ತಾನಾಗಿಯೇ ಹೆದರುವ ಅಂಕಿಯಲ್ಲ, ನಡುಭಾಗದ ಬಾಗು 47.2 ದಾಟಿದರೆ ಅನುಮಾನ ಎಂಬುದು ಹಳೆಯ ಗುರುತು. ಆದರೆ ಆ ಕಡಿದಾದ ಬಿಂದು ಎಲ್ಲಿದೆ ಎಂದು ನೋಡಬೇಕು. ಕೆಳಭಾಗದ ಬಾಗು ಮೇಲ್ಭಾಗಕ್ಕಿಂತ 1.4 ಡಯಾಪ್ಟರ್‌ಗಿಂತ ಹೆಚ್ಚಿದ್ದರೆ ಅದು ಮಾತಾಡುವ ವಿಷಯ.

ಬಣ್ಣ ನೋಡಿ ಹೆದರಬೇಡಿ, ಬಣ್ಣ ನೋಡಿ ನೆಮ್ಮದಿಯನ್ನೂ ಪಡಬೇಡಿ. ಒಂದು ಯಂತ್ರ ಅರ್ಧ ಡಯಾಪ್ಟರಿಗೊಂದು ಬಣ್ಣ ಕೊಡುತ್ತದೆ, ಇನ್ನೊಂದು ಒಂದೂವರೆಗೊಂದು. ಮೊದಲನೆಯದರಲ್ಲಿ ಆರೋಗ್ಯವಂತ ಕಣ್ಣೂ ಹೋಳಿ ಆಡಿದಂತಿರುತ್ತದೆ, ಎರಡನೆಯದರಲ್ಲಿ ರೋಗದ ಕಣ್ಣೂ ಹಸಿರಾಗಿ ಮಲಗಿರುತ್ತದೆ. ಬಣ್ಣದ ಪಟ್ಟಿಯ ಪಕ್ಕದ ಅಂಕಿಗಳನ್ನೇ ಓದಬೇಕು.

‘ಎರಡು ಯಂತ್ರಗಳ ಅಳತೆ ಶೇಕಡಾ 95 ಹೊಂದುತ್ತದೆ’ ಎಂದು ಯಾರಾದರೂ ಕರಪತ್ರ ತೋರಿಸಿದರೆ ಒಂದು ವಿಷಯ ನೆನಪಿಡಿ. ದಾದರ್ ಸ್ಟೇಷನ್ನಿನಲ್ಲಿ ಎರಡು ಗಡಿಯಾರ, ಒಂದು ಯಾವಾಗಲೂ ಐದು ನಿಮಿಷ ಹಿಂದೆ ಎಂದುಕೊಳ್ಳಿ. ಒಂದು ಮುಂದೆ ಹೋದಂತೆ ಇನ್ನೊಂದೂ ಹೋಗುತ್ತದೆ, ಸಹಸಂಬಂಧ ನೂರಕ್ಕೆ ನೂರು. ಆದರೂ ಹಿಂದಿರುವುದನ್ನು ನಂಬಿದವರ ಲೋಕಲ್ ತಪ್ಪುತ್ತದೆ. ಅದಕ್ಕೇ ಬ್ಲಾಂಡ್ ಮತ್ತು ಆಲ್ಟ್‌ಮನ್ ಎಂಬ ಇಬ್ಬರು ಸಂಖ್ಯಾಶಾಸ್ತ್ರಜ್ಞರು 1980ರ ದಶಕದಲ್ಲಿ ಬೇರೆ ದಾರಿ ತೋರಿಸಿದರು. ಒಬ್ಬೊಬ್ಬ ರೋಗಿಯಲ್ಲೂ ಎರಡು ಯಂತ್ರಗಳ ಅಂತರ ತೆಗೆದು, ಆ ಅಂತರಗಳ ಸರಾಸರಿಯನ್ನೂ ಹರಡಿಕೆಯನ್ನೂ ನೋಡಬೇಕು. ಸರಾಸರಿಗೆ ಹರಡಿಕೆಯ 1.96 ಪಟ್ಟನ್ನು ಕೂಡಿ ಕಳೆದರೆ, ನೂರರಲ್ಲಿ 95 ಮಂದಿಯ ಅಂತರ ಆ ಎರಡು ಗೆರೆಗಳ ನಡುವೆ ಬೀಳುತ್ತದೆ. ಉದಾಹರಣೆಗೆ ಸರಾಸರಿ ಅಂತರ 2 ಮೈಕ್ರಾನ್, ಗೆರೆಗಳು 16 ಕೆಳಗೆ, 20 ಮೇಲೆ ಎಂದಿದ್ದರೆ, ಗುಂಪಿನ ಮಟ್ಟಿಗೆ ಯಂತ್ರಗಳು ಅವಳಿಜವಳಿ, ನಿಮ್ಮ ಮಗಳ ಮಟ್ಟಿಗೆ 20 ಮೈಕ್ರಾನ್ ಬೇರೆ. ಅಲ್ಟ್ರಾಸೌಂಡ್ ಮತ್ತು ಪೆಂಟಾಕ್ಯಾಮ್ ಜೋಡಿ ಹೆಚ್ಚುಕಡಿಮೆ ಇಂಥದ್ದೇ. ಆದ್ದರಿಂದ ಒಂದರ ಅಂಕಿಯನ್ನು ಇನ್ನೊಂದರ ಅಂಕಿಯ ಜಾಗದಲ್ಲಿ ಕೂರಿಸುವಂತಿಲ್ಲ. 498 ಮತ್ತು 521ನ್ನು ಕೂಡಿಸಿ ಅರ್ಧ ಮಾಡಿ 509.5 ಎನ್ನುವುದಂತೂ ಎಲ್ಲಕ್ಕಿಂತ ಕೆಟ್ಟದು. ಹಿಂಬದಿಯ ಉಬ್ಬಿನ ಅಂಕಿಗಳಿಗೆ ಇದು ಇನ್ನೂ ಬಿಗಿಯಾಗಿ ಅನ್ವಯಿಸುತ್ತದೆ. ಆರ್ಬ್‌ಸ್ಕ್ಯಾನಿನಲ್ಲಿ ಸಹಿಸಿಕೊಳ್ಳುವ 40 ಮೈಕ್ರಾನ್ ಪೆಂಟಾಕ್ಯಾಮಿನಲ್ಲಿ ಬಂದರೆ ಗಾಬರಿಪಡಬೇಕು.

ನಂಬರ್ ಹೆಚ್ಚಿದ್ದವರ ಕಾರ್ನಿಯಾ ತೆಳು ಎಂಬ ಮಾತನ್ನೂ ನೀವು ಕೇಳಿರುತ್ತೀರಿ. ಮೈನಸ್ ನಂಬರ್ ಬಹುತೇಕ ಬರುವುದು ಕಣ್ಣುಗುಡ್ಡೆಯ ಉದ್ದದಿಂದ. 24 ಮಿಲಿಮೀಟರ್ ಆಸುಪಾಸಿನ ಗುಡ್ಡೆ ಒಂದು ಮಿಲಿಮೀಟರ್ ಹೆಚ್ಚು ಬೆಳೆದರೆ ಎರಡೂವರೆಯಿಂದ ಮೂರು ಡಯಾಪ್ಟರ್ ಏರುತ್ತದೆ. ಕಾರ್ನಿಯಾದ ದಪ್ಪಕ್ಕೂ ಇದಕ್ಕೂ ಗಟ್ಟಿ ನಂಟಿಲ್ಲ. ಆದರೆ ಕಳೆದ ಒಂದೆರಡು ವರ್ಷದಲ್ಲಿ ನಂಬರ್ ಏರುತ್ತಿದ್ದು, ಜೊತೆಗೆ ಸಿಲಿಂಡರ್ ಕೂಡ ಏರುತ್ತಿದ್ದರೆ, ಏರಿಕೆ ಉದ್ದದ್ದೋ ಕಾರ್ನಿಯಾದ್ದೋ ಎಂದು ಕೇಳಲೇಬೇಕು. ಹಳೆಯ ಚಶ್ಮಾದ ಚೀಟಿಗಳನ್ನು ಹುಡುಕಿ ಇಟ್ಟುಕೊಳ್ಳಿ. ಒಂದು ವರ್ಷದಲ್ಲಿ ಅರ್ಧ ಡಯಾಪ್ಟರಿಗಿಂತ ಹೆಚ್ಚು ಬದಲಾಗಿದ್ದರೆ ಈಗ ಲೇಸರ್ ಮಾತೇ ಬೇಡ. ಕಣ್ಣುಜ್ಜುವ ಅಭ್ಯಾಸ, ಅಲರ್ಜಿ, ಮನೆಯಲ್ಲಿ ಯಾರಿಗಾದರೂ ಕೆರಟೋಕೋನಸ್, ಇವನ್ನು ವೈದ್ಯರು ಕೇಳದಿದ್ದರೂ ನೀವೇ ಹೇಳಿ.

ಈಗ ಏನು ಮಾಡಬೇಕು? ಲೆನ್ಸ್ ಬಿಡಿಸಿ, ಚಶ್ಮಾ ಹಾಕಿಸಿ. ಸಾಮಾನ್ಯ ಸಾಫ್ಟ್ ಲೆನ್ಸಿಗೆ ಎರಡು ವಾರ, ಸಿಲಿಂಡರ್ ಇರುವ ಟಾರಿಕ್ ಲೆನ್ಸ್ ಅಥವಾ ಆರ್‌ಜಿಪಿ ಎಂಬ ಗಟ್ಟಿ ಲೆನ್ಸಿಗೆ ಮೂರು ವಾರ. ‘ಮೂರು ದಿನ ಸಾಕು’ ಎಂದು ರಿಸೆಪ್ಷನ್ನಿನಲ್ಲಿ ಹೇಳಿದರೆ ಕೇಳಬೇಡಿ. ಆಮೇಲೆ ಮಧ್ಯಾಹ್ನದ ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳಿ, ಎದ್ದು ಕನಿಷ್ಠ ಮೂರು ಗಂಟೆ ಆಗಿರಲಿ. ಪೆಂಟಾಕ್ಯಾಮ್ ಮತ್ತು ಎಪಿಥೀಲಿಯಂ ನಕ್ಷೆ ಕೊಡುವ ಓಸಿಟಿ ಎರಡೂ ಇರುವ ಜಾಗವನ್ನೇ ಹುಡುಕಿ. ಮುಂಬೈ, ಪುಣೆ ಎರಡೂ ಕಡೆ ಸಿಗುತ್ತದೆ. ಪರೀಕ್ಷೆಗಳ ಅನುಕ್ರಮ ತಪ್ಪಬಾರದು: ಮೊದಲು ಕಣ್ಣಿಗೆ ತಾಗದ ಸ್ಕ್ಯಾನ್‌ಗಳು, ಆಮೇಲೆ ಒಣಕಣ್ಣಿನ ಪರೀಕ್ಷೆ, ನಂತರ ಮರಗಟ್ಟಿಸಿ ಮಾಡುವ ಪೆನ್ನಿನ ಅಳತೆ ಮತ್ತು ಕಣ್ಣಿನ ಒತ್ತಡ, ಕೊನೆಗೆ ಪಾಪೆ ಹಿಗ್ಗಿಸಿ ರೆಟಿನಾ. ಒತ್ತಡವನ್ನು ಮೊದಲೇ ತಾಗಿಸಿ ನೋಡಿಬಿಟ್ಟರೆ ಆ ದಿನದ ನಕ್ಷೆಗೆ ಬೆಲೆಯಿಲ್ಲ. ಸ್ಕ್ಯಾನಿಗೆ ಮುಂಚೆ ಯಾವ ಹನಿಯನ್ನೂ ಹಾಕಬಾರದು, ಒಣಕಣ್ಣಿನ ಹನಿಯನ್ನೂ. ಒಂದೊಂದು ಕಣ್ಣಿಗೂ ಮೂರು ಸ್ಕ್ಯಾನ್ ಕೇಳಿ. ಮೂರರಲ್ಲೂ ಅತಿ ತೆಳು ಬಿಂದು ಹತ್ತು ಮೈಕ್ರಾನ್ ಒಳಗೆ ಬಂದರೆ ಅಳತೆ ನಂಬಬಹುದು. ಬರದಿದ್ದರೆ ತಪ್ಪು ಕಣ್ಣೀರಿನಲ್ಲೋ ಕೂರುವ ರೀತಿಯಲ್ಲೋ ಇದೆ.

ಪೆಂಟಾಕ್ಯಾಮಿನ ‘ಬೆಲಿನ್-ಅಂಬ್ರೋಸಿಯೊ’ ಪುಟವನ್ನು ಮುದ್ರಿಸಿಕೊಡಿ ಎಂದು ಕೇಳಿ, ಇದನ್ನು ಕೇಳುವವರು ಕಡಿಮೆ. ಆ ಪುಟದ ಕೆಳಗೆ ‘ಡಿ’ ಎಂಬ ಒಂದು ಅಂಕಿ ಇರುತ್ತದೆ. ಮುಂಬದಿ ಹಿಂಬದಿಯ ಉಬ್ಬು, ದಪ್ಪ, ನಡುವಿನಿಂದ ಅಂಚಿಗೆ ದಪ್ಪ ಏರುವ ವೇಗ, ಎಲ್ಲ ಸೇರಿಸಿ ಈ ಕಣ್ಣು ಸಾಮಾನ್ಯ ಕಣ್ಣುಗಳಿಂದ ಎಷ್ಟು ದೂರ ಎಂದು ಅದು ಹೇಳುತ್ತದೆ. 1.6ರ ಒಳಗೆ ನೆಮ್ಮದಿ, 1.6ರಿಂದ 2.6 ಹಳದಿ, ಅದರಾಚೆ ಕೆಂಪು. ಅಲ್ಲಿಯೂ ಒಂದು ಬಲೆಯಿದೆ: ಹೋಲಿಕೆಗೆ ಸಮೀಪದೃಷ್ಟಿಯವರ ಪಟ್ಟಿ ಬೇರೆ, ದೂರದೃಷ್ಟಿಯವರ ಪಟ್ಟಿ ಬೇರೆ. ತಪ್ಪು ಪಟ್ಟಿ ಆರಿಸಿದ್ದರೆ ಅಂಕಿಯೂ ತಪ್ಪು. 498 ಮೈಕ್ರಾನ್ ಇದ್ದು ಡಿ 0.9, ಹಿಂಬದಿ ನಯ, ಎಪಿಥೀಲಿಯಂ ಸಮ ಇದ್ದರೆ ಅದು ಬರೀ ತೆಳುವಾದ, ಆರೋಗ್ಯವಂತ ಕಾರ್ನಿಯಾ. ನಮ್ಮವರಲ್ಲಿ ಇಂಥವು ಅಪರೂಪವೇನಲ್ಲ. 530 ಇದ್ದು ಡಿ 2.2 ಇದ್ದರೆ ನಾನು ಅದರ ಮೇಲೆ ಲೇಸರ್ ಇಡಬೇಡಿ ಎನ್ನುತ್ತೇನೆ. ಎರಡೂ ಕಣ್ಣಿನ ವರದಿ ಅಕ್ಕಪಕ್ಕ ಇಟ್ಟು ನೋಡುವುದೂ ಒಳ್ಳೆಯದು. ಬಲ ಎಡ ಕನ್ನಡಿಯ ಬಿಂಬದಂತೆ ಇರಬೇಕು, ಒಂದು ಇನ್ನೊಂದರಿಂದ ಎದ್ದು ಕಾಣುವಷ್ಟು ಬೇರೆಯಾಗಿದ್ದರೆ ಅನುಮಾನ.

ಮತ್ತೆ ಅಳೆದಾಗಲೂ 500ರ ಆಸುಪಾಸೇ ಬಂದು, ನಕ್ಷೆಗಳು ಚೆನ್ನಾಗಿದ್ದರೆ, ಫ್ಲಾಪ್ ಇಲ್ಲದ ಪಿಆರ್‌ಕೆ ಒಂದು ದಾರಿ. ಎಪಿಥೀಲಿಯಂ 50, ಕೊರೆತ 92, ಒಟ್ಟು 142, ಅಂದರೆ ಶೇಕಡಾ 28.5. ನೋವು ಮೂರ್ನಾಲ್ಕು ದಿನ ಇರುತ್ತದೆ, 6.5ರಂಥ ನಂಬರಿಗೆ ಮಸುಕು ಬಾರದಂತೆ ಮೈಟೊಮೈಸಿನ್ ಔಷಧ ಒತ್ತಿಡಬೇಕಾಗುತ್ತದೆ. ಇನ್ನೊಂದು ದಾರಿ ಕಾರ್ನಿಯಾ ಮುಟ್ಟದೆ ಕಣ್ಣೊಳಗೆ ಲೆನ್ಸ್ ಇಡುವ ಐಸಿಎಲ್. ಅಲ್ಲಿ ಯಂತ್ರಗಳ ಜಗಳ ಬೇರೆ ರೂಪದಲ್ಲಿ ಮರಳುತ್ತದೆ. ಕಾರ್ನಿಯಾದ ಹಿಂಬದಿಯಿಂದ ಕಣ್ಣಿನ ಹುಟ್ಟು ಲೆನ್ಸಿನವರೆಗೆ ಕನಿಷ್ಠ 2.8 ಮಿಲಿಮೀಟರ್ ಜಾಗ ಬೇಕು. ಐಒಎಲ್ ಮಾಸ್ಟರ್ ಎಂಬ ಯಂತ್ರ ಈ ಆಳವನ್ನು ಕಾರ್ನಿಯಾದ ಮುಂಬದಿಯಿಂದ ಅಳೆಯುತ್ತದೆ, ಅಂದರೆ ಕಾರ್ನಿಯಾದ ಅರ್ಧ ಮಿಲಿಮೀಟರ್ ಅದರಲ್ಲೇ ಸೇರಿರುತ್ತದೆ. ಅಲ್ಲಿ 3.2 ಎಂದರೆ ನಿಜವಾಗಿ ಉಳಿಯುವುದು 2.7. ಪೆಂಟಾಕ್ಯಾಮ್ ‘ಇಂಟರ್ನಲ್’, ‘ಎಕ್ಸ್‌ಟರ್ನಲ್’ ಎಂದು ಎರಡೂ ಕೊಡುತ್ತದೆ, ಯಾವುದು ಆರಿಸಿದೆ ಎಂದು ನೋಡಬೇಕು. ಲೆನ್ಸಿನ ಅಳತೆ 12.1, 12.6, 13.2, 13.7 ಎಂದು ಸುಮಾರು ಅರ್ಧ ಮಿಲಿಮೀಟರ್ ಅಂತರದಲ್ಲಿ ಬರುತ್ತದೆ. ಕಪ್ಪುಗುಡ್ಡೆಯ ಅಡ್ಡಗಲವನ್ನು ಒಂದೊಂದು ಯಂತ್ರ ಒಂದೊಂದು ರೀತಿ ಹೇಳುವುದರಿಂದ, ಅಲ್ಲಿ ಒಂದೇ ಯಂತ್ರದ ಮಾತಿಗೆ ಲೆನ್ಸ್ ಆರ್ಡರ್ ಮಾಡಿಸಬೇಡಿ.

ಯಾವ ದಾರಿ ಆರಿಸಿದರೂ ಶಸ್ತ್ರಚಿಕಿತ್ಸೆಗೆ ಮುಂಚಿನ ಎಲ್ಲ ವರದಿಗಳನ್ನು ಜೋಪಾನ ಮಾಡಿ. ಮುಂದೆ ಅರವತ್ತರ ವಯಸ್ಸಿನಲ್ಲಿ ಕಣ್ಣಿನ ಪೊರೆ ತೆಗೆಸುವಾಗ, ಲೇಸರ್ ಆದ ಕಾರ್ನಿಯಾದ ಮೇಲೆ ಸಾಮಾನ್ಯ ಕೆರಟೋಮೀಟರ್ ತಪ್ಪು ಹೇಳುತ್ತದೆ. ಅದರ ಲೆಕ್ಕ ಮುಂಬದಿ ಹಿಂಬದಿಯ ಹುಟ್ಟಿನ ಅನುಪಾತವನ್ನು ನಂಬಿರುತ್ತದೆ, ಲೇಸರ್ ಅದನ್ನು ಮುರಿದಿರುತ್ತದೆ. ಆಗ ಇಡುವ ಲೆನ್ಸಿನ ಪವರ್ ಕಡಿಮೆಯಾಗಿ ಪ್ಲಸ್ ನಂಬರ್ ಉಳಿದುಬಿಡುತ್ತದೆ. ಹಳೆಯ ಕೆ ಅಂಕಿ, ಹಳೆಯ ನಂಬರ್ ಕೈಯಲ್ಲಿದ್ದರೆ ವೈದ್ಯರು ತಾಳೆ ನೋಡಬಹುದು. ನಿಮ್ಮ ಪುಣೆಯ ಆಟೋ ಕೆರಟೋಮೀಟರ್ ಚೀಟಿ ಬಸ್ ಟಿಕೆಟಿನಂಥ ಶಾಖದ ಕಾಗದದ ಮೇಲೆ ಮುದ್ರಣವಾಗಿದ್ದರೆ, ಕೆಲವೇ ವರ್ಷಗಳಲ್ಲಿ ಅಕ್ಷರ ಮಾಸಿ ಹೋಗುತ್ತದೆ. ಇವತ್ತೇ ಅದರ ಝೆರಾಕ್ಸ್ ಮಾಡಿಸಿ ಫೈಲಿಗೆ ಹಾಕಿ.